ಇಬ್ಬರು ಮಾವಂದಿರ ಚಾವಡಿ

ನಮ್ಮ ಮನೆಯಲ್ಲಿ ಊಟಕ್ಕೆ ಗಂಟೆ ಹೊಡೆಯುತ್ತಿದ್ದರು. ಮುಚ್ಚಿಹೋದ ಯಾವುದೋ ಶಾಲೆಯಿಂದ ದೊಡ್ಡಮಾವ ತಂದಿದ್ದ ಕಂಚಿನ ತಟ್ಟೆ ಅಡುಗೆಮನೆಯ ಬಾಗಿಲ ಪಕ್ಕ ನೇತಾಡುತ್ತಿತ್ತು. ಮರದ ಸುತ್ತಿಗೆಯಿಂದ ಅದಕ್ಕೆ ಹೊಡೆಯುವ ಕೆಲಸ ಅಮ್ಮನದು. ಹೊಡೆದ ಮೇಲೆ ಬಂದವರಿಗೆ ಪಲ್ಯ ಇಲ್ಲ, ಇನ್ನೂ ತಡವಾದರೆ ಸಾರೂ ಇಲ್ಲ. ಸಣ್ಣಮಾವ ಈ ಗಂಟೆಯನ್ನು ಪಾಳೇಗಾರಿ ಪದ್ಧತಿ ಎಂದು ಕರೆದು, ಅದಕ್ಕೆ ಉತ್ತರವಾಗಿ ಅದೇ ಬಾಗಿಲಿನ ಮೇಲೆ ಮನೆಕೆಲಸದ ಸರದಿಯ ಚಾರ್ಟು ಅಂಟಿಸಿದ್ದರು. ಪಾತ್ರೆ ತೊಳೆಯುವುದು, ನೀರು ಸೇದುವುದು, ಅಂಗಳ ಗುಡಿಸುವುದು ಎಲ್ಲವನ್ನೂ ಎಲ್ಲರೂ ಸಮಾನವಾಗಿ ಮಾಡಬೇಕು. ಆದರೆ ಸಣ್ಣಮಾವನ ಸರದಿ ಬಂದ ದಿನ ಅವರಿಗೆ ಎಲ್ಲಾದರೂ ಸಭೆ ಇರುತ್ತಿತ್ತು. ಕೊನೆಗೆ ಗಂಟೆ ಹೊಡೆಯುವವಳೂ ಅಮ್ಮ, ಸರದಿ ತುಂಬಿಸುವವಳೂ ಅಮ್ಮ.

ಬಂಟ್ವಾಳ ಪೇಟೆಯಲ್ಲಿ, ನದಿಗೆ ಇಳಿಯುವ ಓಣಿಯ ತಿರುವಿನಲ್ಲಿ ಆ ಮನೆ. ಅದು ನನ್ನ ಅಮ್ಮನ ಅಮ್ಮನ ಹೆಸರಿನಲ್ಲಿತ್ತು. ಆಳ್ವಿಕೆ ಮಾತ್ರ ಅಜ್ಜಿಯ ಕೈಯಲ್ಲಿರಲಿಲ್ಲ. ಅಪ್ಪ ಕೊಲ್ಲಿ ದೇಶದಲ್ಲಿದ್ದುದರಿಂದ ಅಮ್ಮ ಮತ್ತು ನಾನು ಅಲ್ಲೇ ಇದ್ದೆವು. ಅಮ್ಮನ ಇಬ್ಬರು ಅಣ್ಣಂದಿರು, ಅಂದರೆ ದೊಡ್ಡಮಾವ ಮತ್ತು ಸಣ್ಣಮಾವ, ಮದುವೆಯಾಗಿರಲಿಲ್ಲ. ಅಮ್ಮನ ತಂಗಿ ಸರೋಜ ಚಿಕ್ಕಮ್ಮ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಬೆಳಗ್ಗೆ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ಮನೆಯ ಮಾತು ತುಳು. ಇಲ್ಲಿ ಅದನ್ನು ಕನ್ನಡಕ್ಕೆ ತರುವಾಗ ಅಜ್ಜಿಯ ಮಾತಿನ ಖಾರ ಸ್ವಲ್ಪ ಕಡಿಮೆಯಾಗುತ್ತದೆ. ಮಾವಂದಿರ ಮದುವೆಯ ವಿಷಯ ಬಂದಾಗ ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ:

"ಒಬ್ಬ ದೇಶವನ್ನು ಮದುವೆಯಾದ, ಇನ್ನೊಬ್ಬ ಕ್ರಾಂತಿಯನ್ನು. ಇಬ್ಬರ ಹೆಂಡತಿಯರೂ ಈ ಮನೆಯಲ್ಲಿ ಒಂದು ಲೋಟ ತೊಳೆದು ಕೊಟ್ಟದ್ದಿಲ್ಲ."

ದೊಡ್ಡಮಾವನಿಗೆ ಬಿ.ಸಿ.ರೋಡಿನಲ್ಲಿ ಹೋಟೆಲು. ಬೆಳಗಿನ ಬನ್ಸಿಗೆ ಅದು ಹೆಸರುವಾಸಿ. ಹೋಟೆಲಿನ ಹಿಂದಿನ ಬಯಲಲ್ಲಿ ಅವರೇ ಕಟ್ಟಿದ ವ್ಯಾಯಾಮ ಶಾಲೆಯಿತ್ತು. ಅಲ್ಲಿ ಹುಡುಗರು ಸಾಲಾಗಿ ನಿಂತು ಕೋಲು ತಿರುಗಿಸುತ್ತಿದ್ದರು, ದೊಡ್ಡಮಾವ ಶಿಳ್ಳೆ ಊದಿದಾಗ ಒಟ್ಟಿಗೆ ಎಡಕ್ಕೆ ತಿರುಗುತ್ತಿದ್ದರು. ಜರ್ಮನಿಯನ್ನು ಆಳಿದ ಆ ಸಣ್ಣ ಮೀಸೆಯವನು ದೊಡ್ಡಮಾವನ ದೇವರು. ಸೋತು ನೆಲಕಚ್ಚಿದ ದೇಶವನ್ನು ಒಬ್ಬನೇ ಒಬ್ಬ ಎತ್ತಿ ನಿಲ್ಲಿಸಿದ ಎಂದು ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಹಾಗೆ ಎತ್ತಿ ನಿಲ್ಲಿಸಿದ ಮೇಲೆ ಎಂತ ಆಯಿತು ಎಂಬುದನ್ನು ಅವರು ಹೇಳುತ್ತಿರಲಿಲ್ಲ. ಸಣ್ಣಮಾವ ಬೀಡಿ ಕಾರ್ಮಿಕರ ಮುಂದಾಳು, ಪಕ್ಷದ ಕೆಲಸಗಾರ. ಕೊಬ್ಬರಿ ಅಂಗಡಿಯ ಮಾಳಿಗೆಯಲ್ಲಿ ಅವರ ಕಚೇರಿ. ಅವರ ದೇವರು ರಷ್ಯದ ದಪ್ಪ ಮೀಸೆಯವನು. ಚಾವಡಿಯ ಪೂರ್ವದ ಗೋಡೆಯಲ್ಲಿ ಒಂದು ಮೀಸೆ, ಪಶ್ಚಿಮದ ಗೋಡೆಯಲ್ಲಿ ಇನ್ನೊಂದು ಮೀಸೆ. ನಡುವೆ ಅಜ್ಜಿಯ ಎಲೆಯಡಿಕೆಯ ತಟ್ಟೆ.

ಇಬ್ಬರೂ ಕೆಟ್ಟವರಲ್ಲ. ಸಣ್ಣಮಾವ ಇಲ್ಲದಿದ್ದರೆ ನಮ್ಮ ಸುತ್ತಿನ ಹೆಂಗಸರಿಗೆ ಬೀಡಿ ಕಟ್ಟಿದ್ದಕ್ಕೆ ಸರಿಯಾದ ಮಜೂರಿ ಸಿಗುತ್ತಿರಲಿಲ್ಲ. ತಾವು ಹರಿದ ಚಪ್ಪಲಿಯಲ್ಲಿ ಓಡಾಡಿ ಅವರಿಗೆ ಆಸ್ಪತ್ರೆಯ ಸವಲತ್ತು ಕೊಡಿಸಿದ್ದರು. ದೊಡ್ಡಮಾವನ ಹುಡುಗರು ನೆರೆ ಬಂದಾಗ ಪೇಟೆಯ ಅಂಗಡಿಗಳ ಮೂಟೆಗಳನ್ನು ಹೆಗಲಲ್ಲಿ ಹೊತ್ತು ಮೇಲಕ್ಕೆ ಸಾಗಿಸುತ್ತಿದ್ದರು. ಆದರೆ ಅಣ್ಣತಮ್ಮಂದಿರು ಪರಸ್ಪರ ಮಾತು ಬಿಟ್ಟು ವರ್ಷಗಳಾಗಿದ್ದವು. ಒಂದೇ ಸಾಲಿನಲ್ಲಿ ಉಣ್ಣಲು ಕೂತರೂ ಉಪ್ಪು ಬೇಕಾದರೆ ನನ್ನ ಮೂಲಕವೇ ಹೋಗಬೇಕು.

"ಸುಮಾ, ಆ ಕಡೆಯವರ ಹತ್ರ ಉಪ್ಪು ಉಂಟಾ ಕೇಳು."

"ಉಂಟು ಅಂತ ಹೇಳು. ಬೇಕಾದ್ರೆ ಅವರೇ ಕೈ ಚಾಚಬಹುದು ಅಂತ ಹೇಳು."

ಸಣ್ಣಮಾವನಿಗೆ ರಷ್ಯದಿಂದ ಒಂದು ಪತ್ರಿಕೆ ಬರುತ್ತಿತ್ತು. ನುಣುಪಾದ ಕಾಗದ, ಹೊಲದಲ್ಲಿ ನಗುವ ಕೆಂಪು ಕೆನ್ನೆಯ ಹೆಂಗಸರು. ಆ ಕಾಲದ ಬಹಳ ಮಕ್ಕಳ ಹಾಗೆ ನನ್ನ ಶಾಲೆಯ ಪುಸ್ತಕಗಳಿಗೂ ಅದೇ ಕಾಗದದ ಹೊದಿಕೆ. ಒಂದು ದಿನ ದೊಡ್ಡಮಾವ ಅವನ್ನೆಲ್ಲ ಬಿಚ್ಚಿ, ತಮ್ಮ ವ್ಯಾಯಾಮ ಶಾಲೆಯ ಕರಪತ್ರಗಳನ್ನು ಹೊದಿಸಿದರು. ಮರುದಿನ ಸಣ್ಣಮಾವ ಅವನ್ನು ಬಿಚ್ಚಿದರು. ಪುಸ್ತಕದ ಅಂಚುಗಳೆಲ್ಲ ಹರಿದ ಮೇಲೆ ಚಿಕ್ಕಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ತಿರುವಿ, ಬಿಳಿಯ ಬದಿ ಹೊರಗೆ ಬರುವಂತೆ ಹೊದಿಸಿಕೊಟ್ಟಳು. ಇಬ್ಬರೂ ಆ ಬಿಳಿಯನ್ನು ಅನುಮಾನದಿಂದ ನೋಡಿದರು. ದೊಡ್ಡಮಾವ ನನ್ನನ್ನು ಹೋಟೆಲಿಗೆ ಕರೆದು ಬನ್ಸು ಕೊಟ್ಟು, ಸಣ್ಣಮಾವನ ಹತ್ತಿರ ಯಾರೆಲ್ಲ ಬರುತ್ತಾರೆ, ಏನು ಮಾತಾಡುತ್ತಾರೆ ಎಂದು ಕೇಳುತ್ತಿದ್ದರು. ಸಣ್ಣಮಾವ ಬನ್ಸು ಕೊಡುತ್ತಿರಲಿಲ್ಲ, ತಲೆ ಸವರುತ್ತಿದ್ದರು. ಕೇಳುವ ಪ್ರಶ್ನೆ ಮಾತ್ರ ಅದೇ.

ಪ್ರತಿ ಆದಿತ್ಯವಾರ ಮೋನಪ್ಪ ಎಂಬವರು ಸಣ್ಣಮಾವನ ಜೊತೆ ಊಟಕ್ಕೆ ಬರುತ್ತಿದ್ದರು. ಪಾಣೆಮಂಗಳೂರು ಕಡೆಯ ಬೀಡಿ ಕಟ್ಟುವವರು, ಪಕ್ಷದಲ್ಲಿ ಸಣ್ಣಮಾವನ ಬಲಗೈ. ನನಗೆ ಎಲೆ ಮಡಚಿ ಪೀಪಿ ಮಾಡಿಕೊಡುತ್ತಿದ್ದರು. ಒಂದು ಸಭೆಯಲ್ಲಿ ಅವರು, ಮುಷ್ಕರ ಹೂಡುವ ಮೊದಲು ಬೀಡಿ ಕಟ್ಟುವ ಹೆಂಗಸರನ್ನು ಒಂದು ಮಾತು ಕೇಳಬಾರದಿತ್ತೇ, ಒಲೆ ಆರುವುದು ಅವರ ಮನೆಯದ್ದಲ್ಲವೇ ಎಂದರಂತೆ. ಮುಂದಿನ ಆದಿತ್ಯವಾರ ಅವರು ಬರಲಿಲ್ಲ. ಚಾವಡಿಯಲ್ಲಿದ್ದ ಪಕ್ಷದ ಮೆರವಣಿಗೆಯ ಪಟವೂ ಕಾಣಲಿಲ್ಲ. ಕೆಲವು ದಿನಗಳ ನಂತರ ಅದು ಮತ್ತೆ ಗೋಡೆಗೆ ಬಂತು, ಬಲಬದಿ ಕತ್ತರಿಸಿ ಸಣ್ಣದಾದ ಚೌಕಟ್ಟಿನಲ್ಲಿ. ಮೋನಪ್ಪ ನಿಂತಿದ್ದ ಜಾಗವೇ ಇರಲಿಲ್ಲ. ಊಟದ ಹೊತ್ತಿಗೆ ನಾನು ಕೇಳಿದೆ:

"ಮೋನಪ್ಪಣ್ಣ ಯಾಕೆ ಬರುವುದಿಲ್ಲ ಮಾವ?"

ಸಣ್ಣಮಾವ ಅನ್ನ ಕಲಸುತ್ತಲೇ ಹೇಳಿದರು:

"ಯಾವ ಮೋನಪ್ಪ?"

ಅವರು ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಯಾರೂ ನಗಲಿಲ್ಲ. ಚಿಕ್ಕಮ್ಮ ಮಾತ್ರ ಕೈ ನಿಲ್ಲಿಸಿ ಅಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಚಿಕ್ಕಮ್ಮನಿಗೆ ಅಣಕಿಸುವುದು ಕರಗತವಾಗಿತ್ತು. ಅಡುಗೆಮನೆಯಲ್ಲಿ ಅವಳು ಬೆರಳನ್ನು ಮೂಗಿನ ಕೆಳಗೆ ಇಟ್ಟು ಒಮ್ಮೆ ಪೂರ್ವದ ಗೋಡೆ, ಒಮ್ಮೆ ಪಶ್ಚಿಮದ ಗೋಡೆಯಾಗುತ್ತಿದ್ದಳು. ಅಜ್ಜಿಗೆ ನಕ್ಕು ನಕ್ಕು ಕೆಮ್ಮು ಬರುತ್ತಿತ್ತು. ಆ ವರ್ಷ ಲಾಯಿಲದ ಶಾಲೆಯ ವಾರ್ಷಿಕೋತ್ಸವಕ್ಕೆ ಅವಳೇ ಒಂದು ನಾಟಕ ಬರೆದು ಮಕ್ಕಳಿಂದ ಆಡಿಸಿದಳು. ಒಂದು ಬೀದಿ, ಎದುರುಬದುರು ಎರಡು ಅಂಗಡಿ. ಈ ಬದಿಯಲ್ಲಿ ನಡೆಯುವವರು ಉದ್ದ ಟೋಪಿ ಹಾಕಬೇಕು, ಆ ಬದಿಯವರು ಚಪ್ಪಟೆ ಟೋಪಿ. ಊರಿನವರು ಎರಡನ್ನೂ ಚೀಲದಲ್ಲಿ ಇಟ್ಟುಕೊಂಡು, ರಸ್ತೆ ದಾಟುವಾಗ ಬದಲಿಸುತ್ತಾರೆ. ಒಬ್ಬ ಹುಡುಗಿ ಬರಿತಲೆಯಲ್ಲಿ ಬರುತ್ತಾಳೆ. ಸೆಕೆಯಾಗುತ್ತದೆ, ಅದಕ್ಕೇ ಟೋಪಿ ಇಲ್ಲ ಎನ್ನುತ್ತಾಳೆ. ಅಲ್ಲಿಯವರೆಗೆ ಮುಖ ನೋಡದ ಅಂಗಡಿಯವರಿಬ್ಬರೂ ಕೈ ಕೈ ಹಿಡಿದು ಅವಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಟೋಪಿಗಳಿಗೆ ಬೇಕಾದ ತುಂಡುಬಟ್ಟೆಯನ್ನು ಫರಂಗಿಪೇಟೆಯ ಬಟ್ಟೆ ಅಂಗಡಿಯ ಇಬ್ರಾಹಿಂ ಬ್ಯಾರಿ ಕೊಟ್ಟಿದ್ದರು. ಅವರ ಮಗಳು ಚಿಕ್ಕಮ್ಮನ ಜೊತೆ ಟೀಚರ್ ತರಬೇತಿಯಲ್ಲಿ ಓದಿದವಳು. ಅಜ್ಜಿ, ಅಮ್ಮ, ನಾನು ನಾಟಕ ನೋಡಲು ಹೋಗಿದ್ದೆವು. ಜನ ಬೆಂಚಿನಿಂದ ಬೀಳುವ ಹಾಗೆ ನಕ್ಕರು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಅತ್ತಿತ್ತ ನೋಡಿ, ನಂತರ ನಕ್ಕಳು.

ಸುದ್ದಿ ನಮಗಿಂತ ಮೊದಲೇ ಬಸ್ಸಿನಲ್ಲಿ ಬಂದು ಬಿ.ಸಿ.ರೋಡಿಗೆ ಮುಟ್ಟಿತ್ತು. ಹೋಟೆಲಿಗೆ ಬಂದ ಗಿರಾಕಿಯೊಬ್ಬ ದೊಡ್ಡಮಾವನಿಗೆ, "ನಿಮ್ಮದು ಉದ್ದದ್ದೋ ಚಪ್ಪಟೆಯದ್ದೋ?" ಎಂದನಂತೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಮುಂದೆ ಹೆಂಗಸರು ಸಣ್ಣಮಾವನನ್ನು ಕಂಡು ತಲೆಗೆ ಕೈ ಮುಚ್ಚಿಕೊಂಡರಂತೆ. ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಮ್ಮನನ್ನು ಚಾವಡಿಗೆ ಕರೆದರು. ಮಾವಂದಿರು ಒಂದೇ ಬೆಂಚಿನಲ್ಲಿ ಕೂತಿದ್ದರು. ನಾನು ಮೊದಲ ಬಾರಿಗೆ ಆ ದೃಶ್ಯ ನೋಡಿದೆ. ಚಿಕ್ಕಮ್ಮನನ್ನು ಎದುರು ನಿಲ್ಲಿಸಿದರು.

"ಇದು ಯಾರು ಹೇಳಿಕೊಟ್ಟದ್ದು?" ಸಣ್ಣಮಾವ ಕೇಳಿದರು.

"ಯಾರೂ ಇಲ್ಲ ಭೋಜಣ್ಣ. ನಾನೇ ಬರೆದದ್ದು."

"ಹಿಂದೆ ಯಾರೋ ಇರ್ಲೇಬೇಕು. ಶಾಲೆಯ ಆಡಳಿತದವರು ಬೀಡಿ ಧಣಿಗಳ ಸಂಬಂಧಿಗಳು. ನಿನಗೆ ಗೊತ್ತಿಲ್ಲದೆಯೇ ನಿನ್ನನ್ನು ಉಪಯೋಗಿಸಿದ್ದಾರೆ."

"ಧಣಿಗಳಲ್ಲ," ಎಂದರು ದೊಡ್ಡಮಾವ. "ಬಟ್ಟೆ ಯಾರು ಕೊಟ್ಟದ್ದು ನೋಡು. ಅಲ್ಲಿಂದ ಬಂದದ್ದು ಇದು."

ಒಂದೇ ನಾಟಕದ ಹಿಂದೆ ಒಬ್ಬರಿಗೆ ಕಂಡದ್ದು ಬಂಡವಾಳಗಾರ, ಇನ್ನೊಬ್ಬರಿಗೆ ಕಂಡದ್ದು ಬ್ಯಾರಿ. ಎದುರು ನಿಂತ ತಂಗಿ ಇಬ್ಬರಿಗೂ ಕಾಣಲಿಲ್ಲ. ಚಿಕ್ಕಮ್ಮ ಹೇಳಿದಳು:

"ಹಿಂದೆ ಇದ್ದದ್ದು ನನ್ನ ತಲೆ. ಅದು ನನ್ನದೇ. ಯಾಕೆ, ನನಗೆ ತಲೆ ಇರ್ಬಾರದಾ?"

ದೊಡ್ಡಮಾವ ಎದ್ದು ನಿಂತರು. ಅವರು ಕಿರುಚುವವರಲ್ಲ, ಸಿಟ್ಟು ಬಂದಷ್ಟೂ ಧ್ವನಿ ತಗ್ಗುತ್ತಿತ್ತು. ವ್ಯಾಯಾಮ ಶಾಲೆಯ ಹುಡುಗರ ಮುಂದೆ, ಧ್ವಜದ ಕೆಳಗೆ ನಿಂತು ತಪ್ಪಾಯಿತು ಎಂದು ಹೇಳಬೇಕು ಎಂದರು. ಸಣ್ಣಮಾವ ಇದಕ್ಕೆ ತಲೆಯಾಡಿಸಿ, ಆತ್ಮವಿಮರ್ಶೆ ಮಾಡಿಕೊಳ್ಳುವುದರಲ್ಲಿ ಅವಮಾನವೇನಿಲ್ಲ, ತಮ್ಮ ಪಕ್ಷದಲ್ಲೂ ಮಾಡುತ್ತಾರೆ, ಬೀಡಿ ಬ್ರಾಂಚಿನ ಹತ್ತಿರವೂ ಒಮ್ಮೆ ಬಂದು ಹೇಳಿದರೆ ಒಳ್ಳೆಯದು ಎಂದರು. ಎಲ್ಲಿ ಮೊದಲು ಹೇಳಬೇಕು ಎಂಬುದರ ಬಗ್ಗೆ ಅವರಿಬ್ಬರೂ ಅಲ್ಲೇ, ನೇರವಾಗಿ, ಒಬ್ಬರನ್ನೊಬ್ಬರು ನೋಡಿ ಚರ್ಚಿಸಿದರು. ಅಷ್ಟು ವರ್ಷ ಉಪ್ಪು ಕೇಳಲು ನಾನು ಬೇಕಾಗಿತ್ತು. ಆ ದಿನ ನನ್ನ ಅಗತ್ಯ ಬೀಳಲಿಲ್ಲ.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದವರು ಹೇಳಿದರು:

"ಮಕ್ಕಳು ಆಡಿದ ನಾಟಕ ಮಾರಾಯ್ರೇ. ನಕ್ಕು ಬಿಡುವ."

"ನಗುವಂಥದ್ದು ಇದರಲ್ಲಿ ಏನುಂಟು ಅಮ್ಮ?" ಎಂದು ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಕೇಳಿದರು.

ಚಿಕ್ಕಮ್ಮ ಎಲ್ಲಿಯೂ ತಪ್ಪಾಯಿತು ಎನ್ನಲಿಲ್ಲ. ಹಾಗಾದರೆ ಈ ಮನೆಯಲ್ಲಿ ಜಾಗ ಇಲ್ಲ ಎಂದರು ಮಾವಂದಿರಿಬ್ಬರೂ. ಅಜ್ಜಿ, ಮನೆ ನನ್ನದು ಎಂದು ಬಾಯಿ ತೆರೆದರು, ಆದರೆ ಅವರ ಮಾತು ಅಲ್ಲಿ ನಡೆಯಲಿಲ್ಲ. ಆ ವಾರದೊಳಗೆ ಚಿಕ್ಕಮ್ಮ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕೆಲಸ ನೋಡಿಕೊಂಡು, ಬಸದಿಯ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದು ಹೊರಟಳು. ಬಸ್ಸಿನ ತನಕ ಅವಳ ಪೆಟ್ಟಿಗೆ ಹಿಡಿದದ್ದು ಅಮ್ಮ. ಇಬ್ರಾಹಿಂ ಬ್ಯಾರಿಯ ಅಂಗಡಿಗೆ ಹೋಗಬಾರದೆಂದು ದೊಡ್ಡಮಾವ ತಮ್ಮ ಹುಡುಗರಿಗೆ ಹೇಳಿದರು. ಹುಡುಗರು ತಮ್ಮ ಮನೆಗಳಲ್ಲಿ ಹೇಳಿದರು. ಹಬ್ಬದ ಸಮಯದಲ್ಲಿ ಆ ಅಂಗಡಿಯ ಮುಂದೆ ಬಸ್ಸಿನಲ್ಲಿ ಹೋಗುವಾಗ, ಗಿರಾಕಿಗಳಿಲ್ಲದೆ ಗಲ್ಲಾಪೆಟ್ಟಿಗೆಯ ಹಿಂದೆ ಕೆನ್ನೆಗೆ ಕೈ ಕೊಟ್ಟು ಕೂತಿದ್ದ ಅವರನ್ನು ನಾನು ಕಂಡಿದ್ದೇನೆ. ಚಾವಡಿಯಿಂದ ಚಿಕ್ಕಮ್ಮನ ಪಟ ಹೋಯಿತು. ಇಳಿಸಿದ್ದು ಇಬ್ಬರಲ್ಲಿ ಯಾರೆಂದು ತಿಳಿಯಲಿಲ್ಲ. ಹೋಟೆಲಿನಲ್ಲಿ ಒಬ್ಬ ಹಳೆಯ ಪರಿಚಯದವರು ವಿಚಾರಿಸಿದಾಗ ನಾನು ಪಕ್ಕದಲ್ಲೇ ಇದ್ದೆ.

"ಎಂತ ಶೆಟ್ರೇ, ತಂಗಿ ಟೀಚರ್ ಈಗ ಕಾಣುವುದೇ ಇಲ್ಲ?"

"ಯಾವ ತಂಗಿ?" ಎಂದರು ದೊಡ್ಡಮಾವ.

ಸಣ್ಣಮಾವ ಅನ್ನ ಕಲಸುತ್ತಾ ಆಡಿದ ಧಾಟಿಯೇ ಅದು. ಅವರಿಬ್ಬರೂ ಒಂದೇ ಕಡೆ ಕಲಿತ ಮಾತಿನ ಹಾಗಿತ್ತು.

ನಾನು ಈಗ ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ. ಕಮ್ಯುನಿಸಂ ಮತ್ತು ಫ್ಯಾಸಿಸಂ ನಡುವಿನ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದುಂಟು. ಹಲಗೆಯ ನಡುವೆ ಗೆರೆ ಎಳೆದು ಎರಡೂ ಬದಿ ತುಂಬಿಸುತ್ತೇನೆ. ವ್ಯತ್ಯಾಸಗಳು ನಿಜವಾದವು, ಅವನ್ನು ಅಳಿಸಬಾರದು. ಒಂದು ವರ್ಗದ ಹೆಸರು ಹೇಳುತ್ತದೆ, ಇನ್ನೊಂದು ದೇಶದ ಮತ್ತು ರಕ್ತದ ಹೆಸರು. ಒಂದು ಆಸ್ತಿಯನ್ನು ಎಲ್ಲರದ್ದು ಮಾಡುತ್ತೇನೆ ಎನ್ನುತ್ತದೆ, ಇನ್ನೊಂದು ಒಡೆಯನನ್ನು ಹಾಗೆಯೇ ಬಿಟ್ಟು ತನ್ನ ಮಾತು ಕೇಳಿಸುತ್ತದೆ. ಸಣ್ಣಮಾವನ ಕನಸಿನಲ್ಲಿ ಎಲ್ಲರೂ ಉಣ್ಣುತ್ತಿದ್ದರು, ದೊಡ್ಡಮಾವನ ಕನಸಿನಲ್ಲಿ ಕೆಲವರು ಸಾಲಿನ ಹೊರಗೇ ನಿಲ್ಲಬೇಕಿತ್ತು. ಈ ಅಂತರ ಸಣ್ಣದಲ್ಲ. ಆದರೆ ಅಧಿಕಾರ ಕೈಗೆ ಬಂದ ಮೇಲೆ ಎರಡೂ ಆಳಿದ ರೀತಿಯಲ್ಲಿ ಹೋಲಿಕೆಗಳಿವೆ. ಒಬ್ಬನೇ ನಾಯಕ, ಒಂದೇ ಪಕ್ಷ, ಆ ಪಕ್ಷ ಹೇಳಿದ್ದೇ ಸತ್ಯ. ತಪ್ಪು ಯಾವಾಗಲೂ ಹೊರಗಿನ ಶತ್ರುವಿನದು, ಶತ್ರು ಇಲ್ಲದಿದ್ದರೆ ಹುಡುಕಬೇಕು. ಪ್ರಶ್ನೆ ಕೇಳಿದವನು ಇರಲೇ ಇಲ್ಲ ಎನ್ನಬೇಕು. ಹೆತ್ತವರ ಮಾತನ್ನು ಮಕ್ಕಳಿಂದ ತಿಳಿದುಕೊಳ್ಳಬೇಕು. ಎರಡಕ್ಕೂ ಬಂದೂಕಿಗಿಂತ ನಗುವಿನ ಭಯ ಹೆಚ್ಚು. ಇದನ್ನು ಹೇಳುವಾಗ ನಾನು ದೂರದ ದೇಶಗಳ ಉದಾಹರಣೆ ಕೊಡುತ್ತೇನೆ. ಕಣ್ಣ ಮುಂದೆ ಬರುವುದು ಆ ಬೆಂಚು.

ನಾನು ಹೈಸ್ಕೂಲಿನ ಹೊಸ್ತಿಲಲ್ಲಿದ್ದಾಗ, ಅಪ್ಪ ತಂದುಕೊಟ್ಟ ಟಿ.ವಿ.ಯಲ್ಲಿ ಒಂದು ಸಂಜೆ ರಷ್ಯದ ಸುದ್ದಿ ಬಂತು. ದೊಡ್ಡದೊಂದು ಪ್ರತಿಮೆಯ ಕುತ್ತಿಗೆಗೆ ಹಗ್ಗ ಕಟ್ಟಿ ಕ್ರೇನಿನಿಂದ ಇಳಿಸುತ್ತಿದ್ದರು. ಕೆಳಗೆ ನಿಂತವರು ಅದೇ ಪತ್ರಿಕೆಯ ಕೆಂಪು ಕೆನ್ನೆಯ ಜನ, ಆದರೆ ಈ ಬಾರಿ ನಿಜವಾಗಿ ನಗುತ್ತಿದ್ದರು. ಸಣ್ಣಮಾವ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ದೊಡ್ಡಮಾವ ಹೋಟೆಲಿನಿಂದ ಒಂದು ದೊಡ್ಡ ಪಾತ್ರೆ ಲಡ್ಡು ಮಾಡಿಸಿ ತಂದು ಓಣಿಗೆಲ್ಲ ಹಂಚಿದರು. ಅಜ್ಜಿಯ ಕೈಗೂ ಒಂದು ಇಟ್ಟರು. ಅಜ್ಜಿ ಅದನ್ನು ಹಾಗೆಯೇ ಪಾತ್ರೆಗೆ ಹಾಕಿದರು.

"ಒಳಗೆ ನಿನ್ನ ತಮ್ಮ ಉಣ್ಣದೆ ಮಲಗಿದ್ದಾನೆ. ಇದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ."

ಸಣ್ಣಮಾವ ಊಟಕ್ಕೆ ಏಳಲಿಲ್ಲ, ಪಕ್ಷದವರು ಕರೆದರೂ ಏಳಲಿಲ್ಲ. ಅಜ್ಜಿ ಯಾರನ್ನೂ ಕೇಳದೆ ಅಮ್ಮನನ್ನು ಮೂಡುಬಿದಿರೆಗೆ ಕಳಿಸಿದರು. ಮಧ್ಯಾಹ್ನದ ಬಸ್ಸಿಗೆ ಚಿಕ್ಕಮ್ಮ ಬಂದಳು. ಅಷ್ಟು ಕಾಲದ ಮೇಲೆ ಬಂದವಳು ಚಾವಡಿಯಲ್ಲಿ ನಿಲ್ಲದೆ ನೇರ ಆ ಕೋಣೆಗೆ ಹೋಗಿ, ಮಂಚದ ಅಂಚಿನಲ್ಲಿ ಕೂತಳು. ಗಂಜಿಯ ಬಟ್ಟಲು ಹಿಡಿದು ನಾನು ಅವಳ ಹಿಂದೆ ಇದ್ದೆ. ಸಣ್ಣಮಾವ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ನನ್ನ ಮೂವತ್ತು ವರ್ಷ ಹೋಯ್ತು ಸರೋಜ."

"ವರ್ಷ ಹೋಗಿಲ್ಲ ಭೋಜಣ್ಣ. ಬೀಡಿಯವರಿಗೆ ಮಾಡಿಕೊಟ್ಟದ್ದೆಲ್ಲ ಹಾಗೇ ಉಂಟು. ಅದನ್ನು ಮಾಡಿದ್ದು ನೀನು. ರಷ್ಯದವನಲ್ಲ."

"ನಮಗೆ ಯಾರೂ ಹೇಳ್ಲಿಲ್ಲ. ಅಲ್ಲಿ ಹೀಗೆಲ್ಲ ಆಗ್ತಾ ಉಂಟು ಅಂತ ಒಬ್ಬನಾದ್ರೂ ಹೇಳ್ಬೇಕಿತ್ತಲ್ಲ."

"ಹೇಳುವವರನ್ನು ನೀವು ಇಟ್ಟುಕೊಳ್ಳಲಿಲ್ಲ."

ಸಣ್ಣಮಾವ ಈ ಕಡೆ ಹೊರಳಿದರು. ಅಳುತ್ತಿದ್ದರು. ಅವರು ಚಿಕ್ಕಮ್ಮನ ಕೈ ಹಿಡಿದು, ಆ ದಿನ ಬೆಂಚಿನಲ್ಲಿ ಕೂರಬಾರದಿತ್ತು ಎಂದರು. ಅವಳು ಗಂಜಿಯ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಅವರಿಗೆ ಕೊಟ್ಟಳು. ಬಾಗಿಲಲ್ಲಿ ದೊಡ್ಡಮಾವ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಚಿಕ್ಕಮ್ಮ ತಿರುಗಿ ನೋಡಿ, ಸಿಟ್ಟಿಲ್ಲದೆ ಕೇಳಿದಳು:

"ಲಡ್ಡು ಹಂಚಿದಿಯಂತೆ ಅಣ್ಣ. ನಿನ್ನ ದೇವರು ಬಿದ್ದು ಎಷ್ಟು ಕಾಲ ಆಯ್ತು? ಆಗ ಹಂಚಿದವರು ಭೋಜಣ್ಣನ ದೇವರ ಕಡೆಯವರು ಅಂತ ಗೊತ್ತುಂಟಾ ನಿನಗೆ?"

ದೊಡ್ಡಮಾವ ಹೊರಗೆ ಹೋಗಿ ಅಂಗಳದಲ್ಲಿ ನಿಂತರು. ಆ ದಿನ ಹೋಟೆಲಿಗೆ ಹೋಗಲಿಲ್ಲ. ಅವರು ಬದಲಾದರು ಎಂದು ಬರೆಯುವ ಆಸೆ ನನಗೂ ಇದೆ, ಆದರೆ ಹಾಗಾಗಲಿಲ್ಲ. ಸಣ್ಣ ಮೀಸೆಯ ಪಟ ಅವರು ಸಾಯುವ ತನಕ ಗೋಡೆಯಲ್ಲಿತ್ತು. ವ್ಯಾಯಾಮ ಶಾಲೆಯ ಹುಡುಗರು ಒಬ್ಬೊಬ್ಬರಾಗಿ ದುಬೈಗೂ ಮಸ್ಕತ್ತಿಗೂ ಹೋದರು, ಅಲ್ಲಿ ಇಬ್ರಾಹಿಂ ಬ್ಯಾರಿಯ ಸಂಬಂಧಿಕರ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿಕೊಂಡರು. ಬಯಲಲ್ಲಿ ಹುಲ್ಲು ಬೆಳೆಯಿತು. ಸಣ್ಣಮಾವ ಪಕ್ಷ ಬಿಡಲಿಲ್ಲ, ಆದರೆ ಮುಂದಾಳುತನ ಬಿಟ್ಟರು. ಪಾಣೆಮಂಗಳೂರಿಗೆ ಹೋಗಿ ಮೋನಪ್ಪನ ಜಗಲಿಯಲ್ಲಿ ಕೂತು ಬಂದರಂತೆ. ಮೋನಪ್ಪ ಬೀಡಿ ಕಟ್ಟುತ್ತಲೇ ಇದ್ದರಂತೆ, ಮಾತಾಡಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸಣ್ಣಮಾವ ಮತ್ತೆಯೂ ಹೋದರು.

ಅಜ್ಜಿ ಚಿಕ್ಕಮ್ಮನನ್ನು ಉಳಿಸಿಕೊಳ್ಳಲು ನೋಡಿದರು.

"ಇನ್ನು ಇಲ್ಲೇ ಇರು ಮಗಾ. ಈಗ ಯಾರೂ ಎಂತದೂ ಹೇಳುವುದಿಲ್ಲ."

"ಬರ್ತಾ ಇರ್ತೇನೆ ಅಮ್ಮ. ಇರುವುದಿಲ್ಲ," ಎಂದಳು ಚಿಕ್ಕಮ್ಮ. ಆಮೇಲೆ ಅಮ್ಮನ ಕಡೆ ನೋಡಿ, "ಸುಮಾಳನ್ನು ಕಳಿಸುತ್ತೀಯಾ ಅಕ್ಕ? ಹೈಸ್ಕೂಲು ಅಲ್ಲಿ ಓದ್ಲಿ," ಎಂದಳು.

ಅಮ್ಮ ಯಾವ ಅಣ್ಣನನ್ನೂ ಕೇಳಲಿಲ್ಲ. ನನ್ನ ಬಟ್ಟೆಗಳನ್ನು ಆ ಸಂಜೆಯೇ ಮಡಚಿ ಇಟ್ಟಳು.

ಬಸದಿಯ ಬೀದಿಯ ಆ ಕೋಣೆಯಲ್ಲಿ ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟವ್, ಕಿಟಕಿಯಲ್ಲಿ ಒಂದು ಗಿಡ. ಗೋಡೆಯಲ್ಲಿ ಏನೂ ಇರಲಿಲ್ಲ. ಮೊದಲ ದಿನ ಬೆಳಗ್ಗೆ ಚಿಕ್ಕಮ್ಮ ಅಕ್ಕಿ ತೊಳೆದಿಟ್ಟು ನನ್ನನ್ನು ಕೇಳಿದಳು:

"ಇವತ್ತು ಎಂತ ಮಾಡುವ ಊಟಕ್ಕೆ?"

"ನಿಮಗೆ ಬೇಕಾದ್ದು."

"ನನ್ನದು ನನಗೆ ಗೊತ್ತುಂಟು. ನಿನಗೆ ಎಂತ ಬೇಕು?"

ನನಗೆ ಗೊತ್ತಿರಲಿಲ್ಲ. ಏನು ಹೇಳಿದರೆ ಸರಿಯಾಗುತ್ತದೆ ಎಂದು ಅವಳ ಮುಖ ನೋಡಿದೆ. ಮುಖದಲ್ಲಿ ಏನೂ ಬರೆದಿರಲಿಲ್ಲ. ಅವಳು ಸ್ಟವ್ ಹಚ್ಚದೆ, ಕಿಟಕಿಯ ಹತ್ತಿರ ಮಕ್ಕಳ ಪುಸ್ತಕಗಳನ್ನು ತಿದ್ದುತ್ತಾ ಕೂತಳು. ಅವಸರ ಮಾಡಲಿಲ್ಲ. ಬೀದಿಯಲ್ಲಿ ಮೀನಿನವಳು ಕೂಗಿಕೊಂಡು ಹೋದಳು.

"ಬಂಗುಡೆ," ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ಹುರಿದ ಬಂಗುಡೆ."

ಅವಳು ಕಿಟಕಿಯಿಂದ ಮೀನಿನವಳನ್ನು ಕೂಗಿದಳು. ಬಂಗುಡೆ ತೊಳೆದು, ಮಸಾಲೆ ಹಚ್ಚಿ, ಕೋಣೆ ತುಂಬ ಹೊಗೆ ಎಬ್ಬಿಸಿ ಹುರಿದಳು. ಬಟ್ಟಲಿಗೆ ಬಡಿಸುವಾಗ ನೋಡಿದೆ, ಎರಡೂ ಮೀನು ನನ್ನ ಬಟ್ಟಲಿನಲ್ಲೇ ಇದ್ದವು. ಅವಳ ಅನ್ನದ ಪಕ್ಕ ಬಸಳೆ ಸಾರು.

"ನೀವು ತಿನ್ನುವುದಿಲ್ಲವಾ?"

"ಸಣ್ಣದಿರುವಾಗಿನಿಂದಲೂ ನನಗೆ ಬಂಗುಡೆ ಆಗುವುದಿಲ್ಲ ಮಾರಾಯ್ತಿ. ಅದರ ವಾಸನೆಯೇ ಆಗುವುದಿಲ್ಲ," ಎಂದಳು ಚಿಕ್ಕಮ್ಮ, ಕಿಟಕಿಯನ್ನು ಇನ್ನಷ್ಟು ತೆರೆದು. "ನೀನು ತಿನ್ನು, ತಣ್ಣಗಾಗ್ತದೆ."